ಎರಡನೇ ಸ್ಟೆಪ್ ಓಡಲಿಲ್ಲ

ವಿಜಯನಗರದ ಮಾರೇನಹಳ್ಳಿಯಲ್ಲಿ ಒಂದು ಪಾತ್ರೆ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿ ನಾನು ಮೇನ್‌ಫ್ರೇಮ್ ಹೇಳಿಕೊಡುತ್ತೇನೆ. ಹಾಗೆಂದರೆ ಏನು ಅಂತ ನನ್ನ ಸ್ವಂತ ಅಕ್ಕನಿಗೇ ಇವತ್ತಿನವರೆಗೂ ಅರ್ಥವಾಗಿಲ್ಲ. ‘ಹಳೇ ಕಂಪ್ಯೂಟರ್ ರಿಪೇರಿ’ ಅಂತ ಬಂಧುಗಳಿಗೆಲ್ಲ ಹೇಳಿಟ್ಟಿದ್ದಾಳೆ. ಬ್ಯಾಂಕುಗಳು, ವಿಮಾ ಕಂಪನಿಗಳು ಇವತ್ತಿಗೂ ತಮ್ಮ ದೊಡ್ಡ ಕೆಲಸವನ್ನೆಲ್ಲ ಹೊರಿಸುವುದು ಈ ಭಾರೀ ಯಂತ್ರಗಳ ಮೇಲೆಯೇ ಅಂತ ಒಂದೆರಡು ಸಲ ವಿವರಿಸಲು ಹೋದೆ. ‘ಆಯ್ತು ಬಿಡೋ, ಕೆಲಸ ಅಂತೂ ಇದೆಯಲ್ಲ’ ಅಂದಳು. ಈ ಯಂತ್ರ ಬಲ್ಲವರು ಒಬ್ಬೊಬ್ಬರಾಗಿ ರಿಟೈರ್ ಆಗುತ್ತಿದ್ದಾರೆ, ಹೊಸ ಹುಡುಗರಿಗೆ ಇದು ಬೇಡ. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಹಾಗೆ ನಾನು ಮೇಷ್ಟ್ರಾದೆ.

ಅದಕ್ಕೂ ಮೊದಲು ಇಪ್ಪತ್ತನಾಲ್ಕು ವರ್ಷ ಒಂದು ಕಂಪನಿಯಲ್ಲಿ ಇದೇ ಯಂತ್ರದ ಕೆಲಸದಲ್ಲಿದ್ದೆ. ಐವತ್ತು ದಾಟಿದ ಮೇಲೆ ಒಂದು ದಿನ ಕರೆದು, ನಿಮ್ಮ ಪ್ರಾಜೆಕ್ಟ್ ಮುಗಿಯಿತು ಅಂದರು. ಬೇರೆಯವರಾದರೆ ಊರು ಬಿಡಬೇಕಿತ್ತೇನೋ. ನಾವು ಕೆಂಗೇರಿಯವರು. ನಮ್ಮ ತಾತ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆಯೇ ಈಗ ನನ್ನ ಮನೆ ಇದೆ, ಸುತ್ತ ಇನ್ನೂ ನಲವತ್ತು ಮನೆಗಳಿವೆ. ಮನೆಯಲ್ಲಿ ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ ಅಂತ ಮೆಟ್ರೋ ಹತ್ತಿ ವಿಜಯನಗರಕ್ಕೆ ಬಂದು ಈ ರೂಮು ಹಿಡಿದೆ. ಆರು ಕಂಪ್ಯೂಟರ್, ಒಂದು ಬೋರ್ಡು, ಎಲ್ಲೋ ದೂರದಲ್ಲಿರುವ ಒಂದು ಮೇನ್‌ಫ್ರೇಮಿಗೆ ಬಾಡಿಗೆ ಸಂಪರ್ಕ, ಇಷ್ಟೇ ನನ್ನ ವಿದ್ಯಾಲಯ.

ಪ್ರತಿ ಬ್ಯಾಚಿನವರೂ ಮೊದಲ ವಾರ ಅವೇ ಪ್ರಶ್ನೆಗಳನ್ನು ಕೇಳುತ್ತಾರೆ. ‘ಸಾರ್, ಇದಕ್ಕೆ ಮೌಸ್ ಯಾಕೆ ಬೇಡ?’ ‘ಸಾರ್, ಪ್ರತಿ ಸಾಲಿನ ಮೊದಲು ಎರಡು ಗೀಟು ಯಾಕೆ ಹಾಕ್ಬೇಕು?’ ‘ಏನೂ ಮಾಡದೇ ಸುಮ್ಮನೆ ಮುಗಿದುಹೋಗೋ ಒಂದು ಪ್ರೋಗ್ರಾಂ ಇದೆಯಂತಲ್ಲ, ಅದು ಯಾಕೆ ಬೇಕು ಸಾರ್?’ ಕೊನೆಯ ಪ್ರಶ್ನೆಗೆ ‘ನಮ್ಮ ಮ್ಯಾನೇಜರುಗಳನ್ನ ನೋಡಿಲ್ವಾ’ ಅನ್ನುತ್ತೇನೆ. ಎಲ್ಲರೂ ನಗುತ್ತಾರೆ. ಮೊದಲ ಎರಡು ವರ್ಷ ಈ ಪ್ರಶ್ನೆಗಳಿಗೆ ಪ್ರೀತಿಯಿಂದ ಉತ್ತರ ಹೇಳುತ್ತಿದ್ದೆ. ಆಮೇಲೆ ಬೇಸರ ಬಂತು. ಪ್ರಶ್ನೆ ಪೂರ್ತಿ ಕೇಳುವ ಮೊದಲೇ ಉತ್ತರ ಬಾಯಿಗೆ ಬರುತ್ತಿತ್ತು, ಉತ್ತರ ಬಂದಮೇಲೆ ಪ್ರಶ್ನೆ ಕೇಳಿಸುತ್ತಲೇ ಇರಲಿಲ್ಲ.

ಅವರಿಗೆ ತೀರಾ ಕಷ್ಟವಾಗುವುದು ಜೆಸಿಎಲ್. ಇದು ಯಂತ್ರಕ್ಕೆ ಬರೆದುಕೊಡುವ ಚೀಟಿ. ಮದುವೆ ಮನೆಯಲ್ಲಿ ಅಡುಗೆಯವರಿಗೆ ಬರೆದುಕೊಡುತ್ತೇವಲ್ಲ, ಮೊದಲು ಇದು ಮಾಡಿ, ಆಮೇಲೆ ಇದು, ಸಾಮಾನು ಈ ಉಗ್ರಾಣದಲ್ಲಿದೆ, ಮುಗಿದದ್ದನ್ನು ಅಲ್ಲಿಡಿ ಅಂತ, ಹಾಗೇ ಇದು ಕೂಡ. ಒಂದೊಂದು ಕೆಲಸಕ್ಕೂ ಸ್ಟೆಪ್ ಅನ್ನುತ್ತೇವೆ. ಒಂದು ಸ್ಟೆಪ್ ಮುಗಿದಾಗ ಯಂತ್ರ ಒಂದು ಅಂಕಿ ಕೊಡುತ್ತದೆ. ಸೊನ್ನೆ ಬಂದರೆ ಎಲ್ಲ ಸರಿ, ನಾಲ್ಕು ಬಂದರೆ ಸಣ್ಣ ಎಚ್ಚರಿಕೆ, ಎಂಟು ಬಂದರೆ ತಪ್ಪಾಗಿದೆ. ಆ ಅಂಕಿಯನ್ನು ನೋಡಿ ಮುಂದಿನ ಸ್ಟೆಪ್ ಓಡಬೇಕೋ ಬೇಡವೋ ಅನ್ನುವ ಶರತ್ತನ್ನು ಚೀಟಿಯಲ್ಲೇ ಬರೆಯಬಹುದು.

ಈ ಶರತ್ತಿನ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಲೋಕದಲ್ಲೆಲ್ಲ ಶರತ್ತು ನಿಜವಾದರೆ ಕೆಲಸ ಆಗುತ್ತದೆ. ಜೆಸಿಎಲ್‌ನ ಈ ಹಳೆಯ ಶರತ್ತಿನಲ್ಲಿ ಮಾತ್ರ ಉಲ್ಟಾ. ನಿಜವಾದರೆ ಆ ಸ್ಟೆಪ್ಪನ್ನು ಬಿಟ್ಟು ಯಂತ್ರ ಮುಂದೆ ಹೋಗುತ್ತದೆ. ನನ್ನ ನೋಟ್ಸಿನಲ್ಲಿ, ಹನ್ನೊಂದನೇ ಪುಟದಲ್ಲಿ, ‘ನಾಲ್ಕು, ಹಿಂದಿನ ಸ್ಟೆಪ್ ಕೊಟ್ಟ ಅಂಕಿಗಿಂತ ಕಮ್ಮಿ’ ಅನ್ನುವ ಶರತ್ತಿನ ಉದಾಹರಣೆ ಕೊಟ್ಟು, ‘ಶರತ್ತು ನಿಜವಾದರೆ ಸ್ಟೆಪ್ ಓಡುತ್ತದೆ’ ಅಂತ ಇತ್ತು. ಎಂಟು ವರ್ಷ ಹಾಗೇ ಇತ್ತು.

ಇಪ್ಪತ್ತನಾಲ್ಕು ವರ್ಷ ಕೆಲಸ ಮಾಡಿದವನಿಗೆ ಇದು ಹೇಗೆ ಗೊತ್ತಿರಲಿಲ್ಲ ಅಂತ ಯಾರಾದರೂ ಕೇಳಬಹುದು. ನಮ್ಮ ಕಸುಬಿನವರು ಕೇಳುವುದಿಲ್ಲ, ಅವರಿಗೆ ಗೊತ್ತು. ನಮ್ಮಲ್ಲಿ ಯಾರೂ ಜೆಸಿಎಲ್ ಬರೆಯುವುದಿಲ್ಲ. ಹಿಂದಿನವರು ಬರೆದದ್ದನ್ನು ಕಾಪಿ ಮಾಡಿ ಹೆಸರು ಬದಲಾಯಿಸುತ್ತೇವೆ. ಅವರೂ ಅವರ ಹಿಂದಿನವರದ್ದನ್ನು ಕಾಪಿ ಮಾಡಿದವರೇ. ಲೋಕದಲ್ಲಿ ಯಾರೋ ಪುಣ್ಯಾತ್ಮ ಒಂದೇ ಒಂದು ಜೆಸಿಎಲ್ ಬರೆದ, ಮಿಕ್ಕಿದ್ದೆಲ್ಲ ಅದರ ನಕಲು ಅಂತ ನಾವೇ ಹಾಸ್ಯ ಮಾಡಿಕೊಳ್ಳುತ್ತೇವೆ. ಓಡುತ್ತಿರುವುದನ್ನು ಮುಟ್ಟಬೇಡ ಅನ್ನುವುದು ನನಗೆ ಮೊದಲ ದಿನ ಹೇಳಿಕೊಟ್ಟ ಪಾಠ. ನಾನು ಮುಟ್ಟಲಿಲ್ಲ. ಶರತ್ತಿನ ಸಾಲು ಇದ್ದಲ್ಲಿ ಇದ್ದ ಹಾಗೇ ಉಳಿಸಿದೆ, ಕೆಲಸ ನಡೆಯಿತು, ಸಂಬಳ ಬಂತು. ಪಾಠ ಶುರುಮಾಡುವಾಗ ನೋಟ್ಸನ್ನೂ ಹಾಗೇ ಒಬ್ಬ ಹಳೆಯ ಸೀನಿಯರ್ ಹತ್ತಿರ ತಂದು, ಮಕ್ಕಿ ಕಾ ಮಕ್ಕಿ ಇಳಿಸಿ, ಮೇಲೆ ನನ್ನ ಹೆಸರು ಹಾಕಿಕೊಂಡೆ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅಂದವನು ನಾನೇ.

ಕಳೆದ ವರ್ಷ ಬೆಳಗಿನ ಬ್ಯಾಚಿಗೆ ಒಬ್ಬ ಹೆಂಗಸು ಬಂದರು. ಮೂವತ್ತಾರು ವರ್ಷ, ದಾವಣಗೆರೆ ಕಡೆಯವರು, ಬಸವೇಶ್ವರನಗರದಲ್ಲಿ ಬಾಡಿಗೆ ಮನೆ. ಕಂಪ್ಯೂಟರ್ ಓದಿ, ಕೆಲವು ವರ್ಷ ಕೆಲಸ ಮಾಡಿ, ಮಗಳು ಹುಟ್ಟಿದ ಮೇಲೆ ಬಿಟ್ಟವರು. ಮಗಳನ್ನು ಸ್ಕೂಲಿಗೆ ಬಿಟ್ಟು ಹತ್ತೂವರೆಗೆ ಬರುತ್ತಿದ್ದರು. ಹಣೆಯಲ್ಲಿ ಸಣ್ಣ ವಿಭೂತಿ, ಕೈಯಲ್ಲಿ ಉದ್ದ ಪುಸ್ತಕ. ಉಳಿದವರೆಲ್ಲ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗರು. ‘ಆಂಟಿ, ಪೆನ್ ಕೊಡಿ’ ಅನ್ನುತ್ತಿದ್ದರು, ಇವರು ಬೇಸರವಿಲ್ಲದೆ ಕೊಡುತ್ತಿದ್ದರು.

ಸೇರಿದ ದಿನವೇ ತಮ್ಮ ಪರಿಸ್ಥಿತಿ ಹೇಳಿದರು. ಗಂಡನ ಮನೆಯವರದು ದಾವಣಗೆರೆಯಲ್ಲಿ ಹಳೆಯ ಅಂಗಡಿ. ಬೆಂಗಳೂರು ಸಾಕು, ಬಂದು ಅಂಗಡಿ ನೋಡಿಕೊಳ್ಳಿ ಅಂತ ಮಾವ ಎರಡು ವರ್ಷದಿಂದ ಕರೆಯುತ್ತಿದ್ದಾರೆ. ಗಂಡ ಕೆಟ್ಟವರಲ್ಲ. ಯುಗಾದಿಯವರೆಗೆ ನೋಡೋಣ, ನಿನಗೆ ಕೆಲಸ ಸಿಕ್ಕರೆ ಇಲ್ಲೇ ಇರೋಣ, ಇಲ್ಲವಾದರೆ ಊರಿಗೆ ಹೋಗೋಣ ಅಂದಿದ್ದಾರೆ.

"ಊರಿಗೆ ಹೋದ್ರೆ ಮತ್ತೆ ಬರೋದಿಲ್ಲ ಸಾರ್," ಅಂದರು. "ಹದಿನಾಲ್ಕು ಜನರ ಮನೆ. ಅಲ್ಲಿ ನಾನು ದೊಡ್ಡ ಸೊಸೆ. ಅದು ಬಿಟ್ರೆ ಇನ್ನೇನೂ ಅಲ್ಲ."

ಹೊಸ ಹುಡುಗರಿಗೆ ಇರುವ ಹಾಗೆ ಇವರಿಗೆ ಹತ್ತು ದಾರಿ ಇರಲಿಲ್ಲ. ಮೈಸೂರು ರಸ್ತೆಯ ಕಡೆಯ ಒಂದು ಕಂಪನಿಯಲ್ಲಿ, ಕೆಲಸ ಬಿಟ್ಟ ಹೆಂಗಸರನ್ನು ಮತ್ತೆ ತೆಗೆದುಕೊಳ್ಳುವ ಒಂದು ಯೋಜನೆ ಇತ್ತು. ಕೆಲಸ ಬಿಟ್ಟು ಏಳು ವರ್ಷ ದಾಟಿರಬಾರದು, ಇಂಟರ್‌ವ್ಯೂ ಒಂದೇ ಸಲ. ಇವರಿಗೆ ಏಳು ತುಂಬಲು ಎರಡು ತಿಂಗಳು ಬಾಕಿ ಇತ್ತು. ಅಲ್ಲಿ ಇಂಟರ್‌ವ್ಯೂ ಮಾಡುವವನು ನನ್ನ ಹಳೆಯ ಸಹೋದ್ಯೋಗಿ, ಒಂದೇ ತಟ್ಟೆಯಲ್ಲಿ ಚಿತ್ರಾನ್ನ ತಿಂದವರು ನಾವು. ಅವನಿಗೆ ಫೋನ್ ಮಾಡಿ ಇವರ ಹೆಸರು ಕೊಟ್ಟೆ. ಹಾಗೆ ಮಾಡಿದ್ದಕ್ಕೆ ನನಗೆ ನನ್ನ ಮೇಲೇ ಸ್ವಲ್ಪ ಮೆಚ್ಚುಗೆಯಾಯಿತು, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಇವರು ಕಲಿಯುವ ರೀತಿ ಬೇರೆಯಾಗಿತ್ತು. ಹುಡುಗರು ನನ್ನ ನೋಟ್ಸಿನ ಪ್ರಶ್ನೋತ್ತರವನ್ನು ಮಗ್ಗಿ ಹಾಗೆ ಬಾಯಿಪಾಠ ಮಾಡುತ್ತಿದ್ದರು. ಇವರು ಬರೆದದ್ದನ್ನೆಲ್ಲ ಯಂತ್ರದ ಮೇಲೆ ಓಡಿಸಿ ನೋಡುತ್ತಿದ್ದರು. ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅದರ ಹಿಂದೆ ಇನ್ನೊಂದು ಪ್ರಶ್ನೆ ಇರುತ್ತಿತ್ತು. ನನಗೆ ಅದು ಇಷ್ಟವಾಗಬೇಕಿತ್ತು. ನಿಜ ಹೇಳಬೇಕೆಂದರೆ ಕಿರಿಕಿರಿಯಾಗುತ್ತಿತ್ತು.

ಆ ದಿನ ನಾನು ಬೋರ್ಡಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಇವರು ಮೂಲೆಯ ಕಂಪ್ಯೂಟರ್ ಹತ್ತಿರ, ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದರು.

"ಸಾರ್, ಹನ್ನೊಂದನೇ ಪುಟದ್ದು ಓಡಿಸಿ ನೋಡಿದೆ. ಮೊದಲನೇ ಸ್ಟೆಪ್ ಎಂಟು ಕೊಡ್ತು. ಶರತ್ತು ನಿಜ ಆಗಿದೆ, ಆದ್ರೆ ಎರಡನೇ ಸ್ಟೆಪ್ ಓಡಲಿಲ್ಲ."

"ಏನಂತ ಬಂದಿದೆ?" ಅಂದೆ, ಕೂತಲ್ಲಿಂದಲೇ.

"ಫ್ಲಶ್ ಅಂತ ಬಂದಿದೆ ಸಾರ್."

ಬಿಟ್ಟುಹೋದ ಸ್ಟೆಪ್ಪಿಗೆ ಯಂತ್ರ ಬರೆಯುವ ಮಾತೇ ಅದು. ಆದರೆ ಹುಡುಗರಿಗೆ ನಗು ಬಂತು. ನನಗೂ ನಗಿಸುವ ಚಪಲ. "ಹಾಗಾದ್ರೆ ಪ್ಲಂಬರ್‌ನ ಕರೀರಿ," ಅಂದೆ. ಕ್ಲಾಸೆಲ್ಲ ಹೋ ಅಂತ ನಕ್ಕಿತು. ಅವರೂ ನಕ್ಕರು, ಆದರೆ ಕಿವಿ ಕೆಂಪಾಗಿತ್ತು.

"ಇಲ್ಲ ಸಾರ್, ನೋಟ್ಸಲ್ಲಿ ಉಲ್ಟಾ ಇರಬಹುದಾ ಅಂತ..."

"ನೋಟ್ಸು ಎಂಟು ವರ್ಷದಿಂದ ಓಡ್ತಾ ಇದೆ ಅಮ್ಮಾ. ಎಲ್ಲೋ ಒಂದು ಕಾಮಾ ಬಿಟ್ಟಿರ್ತೀರಿ, ಇಲ್ಲಾ ಒಂದು ಜಾಗ ಹೆಚ್ಚು ಕಮ್ಮಿ ಆಗಿರುತ್ತೆ. ಹೊಸಬರ ತಪ್ಪೆಲ್ಲ ಅದೇ. ಸರಿಯಾಗಿ ನೋಡಿ."

ಹೊಸಬರ ತಪ್ಪು ಬಹುಮಟ್ಟಿಗೆ ಅದೇ ಇರುತ್ತದೆ ಅನ್ನುವುದೂ ನಿಜ. ಕಾಮಾ, ಪೂರ್ಣವಿರಾಮ, ಒಂದು ಖಾಲಿ ಜಾಗ, ಇವುಗಳಲ್ಲೇ ಅವರ ಮೊದಲ ತಿಂಗಳು ಕಳೆಯುತ್ತದೆ. ಅದಕ್ಕೇ ಯಾರು ಏನು ಕೇಳಿದರೂ ನಾನು ಕಾಮಾ ನೋಡಿ ಅನ್ನುತ್ತಿದ್ದೆ, ಸಾಮಾನ್ಯವಾಗಿ ಸರಿಹೋಗುತ್ತಿತ್ತು. ಅವರು ಆಮೇಲೆ ಒಂದು ಗಂಟೆ ತಲೆ ತಗ್ಗಿಸಿಕೊಂಡು ಒಂದೊಂದೇ ಸಾಲು ನೋಡುತ್ತಿದ್ದದ್ದು ನೆನಪಿದೆ. ಮಗಳನ್ನು ಕರೆತರಲು ಹೊತ್ತಾಯಿತು ಅಂತ ಎದ್ದು ಹೋದರು. ಮಾರನೆಯ ದಿನ ಆ ಪ್ರಶ್ನೆ ಮತ್ತೆ ಕೇಳಲಿಲ್ಲ. ಅದಾದ ಮೇಲೆ ಪ್ರಶ್ನೆ ಕೇಳುವುದೇ ಕಡಿಮೆಯಾಯಿತು. ನೋಟ್ಸು ಬಾಯಿಪಾಠ ಶುರುಮಾಡಿದರು. ಅಬ್ಬಾ, ಕೊನೆಗೂ ದಾರಿಗೆ ಬಂದರು ಅಂದುಕೊಂಡೆ.

ಅವರ ಇಂಟರ್‌ವ್ಯೂ ಆಗಿ ನಾಲ್ಕೈದು ದಿನದ ಮೇಲೆ ನಾನೇ ಆ ಗೆಳೆಯನಿಗೆ ಫೋನ್ ಮಾಡಿದೆ. ಅವನು ಒಳ್ಳೆಯವನು, ಮಾತು ಸ್ವಲ್ಪ ಒರಟು.

"ಬುದ್ಧಿವಂತೆ ಕಣೋ," ಅಂದ. "ಮುಕ್ಕಾಲು ಗಂಟೆ ಚೆನ್ನಾಗೇ ಹೇಳಿದ್ರು. ಕೊನೇಲಿ ಆ ನಾಲ್ಕರ ಶರತ್ತಿಂದು ಕೇಳಿದೆ, ಮೊದಲನೇ ಸ್ಟೆಪ್ ಎಂಟು ಬಂದ್ರೆ ಎರಡನೇದು ಓಡುತ್ತಾ ಅಂತ. ಓಡುತ್ತೆ ಅಂದ್ರು. ಪಾಪ, ತಡವರಿಸ್ತಿದಾರೆ ಅನ್ನಿಸ್ತು. ನೀವೇ ಓಡಿಸಿ ನೋಡಿದೀರಾ ಅಂತ ದಾರಿ ಮಾಡಿಕೊಟ್ಟೆ. ಏನಂದ್ರು ಗೊತ್ತಾ?"

"ಏನು?"

"ಓಡಿಸಿ ನೋಡಿದೀನಿ ಸಾರ್, ಓಡಲಿಲ್ಲ, ಆದ್ರೆ ನಮ್ಮ ಮೇಷ್ಟ್ರು ಓಡುತ್ತೆ ಅಂದಿದಾರೆ, ನಾನೇ ಎಲ್ಲೋ ಕಾಮಾ ತಪ್ಪು ಮಾಡಿರ್ತೀನಿ ಅಂದ್ರು. ಎದುರಿಗೆ ಯಂತ್ರ ಹೇಳ್ತಿರೋದನ್ನ ನಂಬ್ದೇ ಮೇಷ್ಟ್ರನ್ನ ನಂಬೋರನ್ನ ನಾನು ಹೆಂಗೋ ಕೆಲಸಕ್ಕೆ ತಗೊಳ್ಲಿ? ಜೊತೇಲಿದ್ದ ಇಬ್ಬರೂ ಬೇಡ ಅಂದ್ರು."

ಆಮೇಲೆ, "ಅಲ್ಲ ಗುರು, ನೀನು ನಿಜವಾಗ್ಲೂ ಹಂಗೆ ಹೇಳ್ಕೊಟ್ಟಿದೀಯಾ?" ಅಂತ ಕೇಳಿದ.

ನಾನು ಫೋನ್ ಇಟ್ಟೆ. ಕ್ಲಾಸು ಖಾಲಿ ಇತ್ತು. ಮೂಲೆಯ ಕಂಪ್ಯೂಟರ್ ಮುಂದೆ ಕೂತು, ಎರಡು ಸ್ಟೆಪ್ಪಿನ ಒಂದು ಜೆಸಿಎಲ್ ಬರೆದೆ. ಕಾಪಿ ಮಾಡದೆ ಮೊದಲ ಸಾಲಿನಿಂದ ನಾನೇ ಬರೆದೆ. ನಾಚಿಕೆಯ ಮಾತು, ಐದಾರು ಸಲ ತಪ್ಪು ಬಂತು, ಕಾಮಾ ನಾನೂ ಬಿಟ್ಟಿದ್ದೆ. ಕೊನೆಗೆ ಓಡಿತು. ಮೊದಲನೇ ಸ್ಟೆಪ್, ಎಂಟು. ಎರಡನೇ ಸ್ಟೆಪ್, ಫ್ಲಶ್. ಶರತ್ತನ್ನು ತಿರುಗಿಸಿ ಮತ್ತೆ ಓಡಿಸಿದೆ, ಈಗ ಎರಡನೇ ಸ್ಟೆಪ್ ಓಡಿತು. ಇಪ್ಪತ್ತನಾಲ್ಕು ವರ್ಷದಲ್ಲಿ ಈ ಹತ್ತು ನಿಮಿಷದ ಕೆಲಸವನ್ನು ನಾನು ಒಂದು ಸಲವೂ ಮಾಡಿರಲಿಲ್ಲ. ಕೆಳಗೆ ಅಂಗಡಿಯಲ್ಲಿ ಯಾರೋ ಸ್ಟೀಲ್ ಬಿಂದಿಗೆ ಬಡಿದು ನೋಡುತ್ತಿದ್ದರು.

ಮತ್ತೆ ಗೆಳೆಯನಿಗೆ ಫೋನ್ ಮಾಡಿ, ತಪ್ಪು ನನ್ನದು, ಇನ್ನೊಂದು ಅವಕಾಶ ಕೊಡಿಸು ಅಂತ ಬೇಡಿಕೊಂಡೆ. ನಾನು ಯಾರನ್ನೂ ಹಾಗೆ ಬೇಡಿಕೊಂಡವನಲ್ಲ, ಕೆಲಸ ಹೋದ ದಿನವೂ ಬೇಡಿಕೊಂಡಿರಲಿಲ್ಲ. ಅವನು ಎರಡು ದಿನ ಬಿಟ್ಟು ತಿಳಿಸಿದ. ಒಂದೇ ಸಲ ಅನ್ನುವುದು ಅವರ ನಿಯಮ. ಮುಂದಿನ ಸುತ್ತಿನ ಹೊತ್ತಿಗೆ ಇವರಿಗೆ ಏಳು ವರ್ಷ ದಾಟಿರುತ್ತದೆ. ಬೇರೆ ಕಡೆ ವಿಚಾರಿಸಿದೆ. ಮೂವತ್ತಾರು ವರ್ಷ, ಇಷ್ಟು ವರ್ಷದ ಗ್ಯಾಪ್ ಅಂದ ಕೂಡಲೇ ಎಲ್ಲರೂ ಮೆಲ್ಲಗೆ ಮಾತು ಬದಲಾಯಿಸಿದರು.

ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಅಂತ ನನ್ನ ಅಕ್ಕ ಹೇಳಿದಳು. ಅವಳಿಗೆ ಏನು ಗೊತ್ತು. ನನಗೆ ಇನ್ನೊಂದು ಯೋಚನೆ ಹತ್ತಿತ್ತು. ಎಂಟು ವರ್ಷದಲ್ಲಿ ಎಷ್ಟು ಬ್ಯಾಚು ಆ ಹನ್ನೊಂದನೇ ಪುಟ ಬಾಯಿಪಾಠ ಮಾಡಿ ಹೋಗಿದೆ? ಕೆಲಸ ಸಿಕ್ಕವರು ಸ್ವೀಟ್ ಡಬ್ಬಿ ಹಿಡಿದು ಬರುತ್ತಿದ್ದರು, ಫೋಟೋ ತೆಗೆದು ಗೋಡೆಗೆ ಹಾಕುತ್ತಿದ್ದೆ. ಸಿಗದವರು ಯಾವತ್ತೂ ಬಂದು ಹೇಳಲಿಲ್ಲ. ತಮಗೇ ಬುದ್ಧಿ ಸಾಲದು ಅಂದುಕೊಂಡು ಎಲ್ಲೆಲ್ಲೋ ಹೋಗಿರಬೇಕು. ನೋಟ್ಸಿನಲ್ಲಿ ಆ ಸಾಲು ತಿದ್ದಿದೆ. ಹಳೆಯ ನೋಟ್ಸು ಎಷ್ಟು ಜೆರಾಕ್ಸ್ ಅಂಗಡಿಯಲ್ಲಿ, ಎಷ್ಟು ಜನರ ಮೊಬೈಲಿನಲ್ಲಿ ಹರಿದಾಡುತ್ತಿದೆಯೋ ಗೊತ್ತಿಲ್ಲ. ಅದರ ಮೇಲೆಲ್ಲ ನನ್ನ ಹೆಸರೇ ಇದೆ.

ಅವರು ಕ್ಲಾಸಿಗೆ ಬರುವುದು ನಿಲ್ಲಿಸಿದ್ದರು. ಫೋನಿನಲ್ಲಿ ಹೇಳಿಬಿಡೋಣ ಅಂತ ಮೂರು ಸಲ ನಂಬರ್ ಒತ್ತಿ ಬಿಟ್ಟೆ. ಯುಗಾದಿ ಹತ್ತಿರ ಬಂತು. ಆ ವಾರದ ಒಂದು ಬೆಳಿಗ್ಗೆ ಆಟೋ ಹಿಡಿದು ಬಸವೇಶ್ವರನಗರಕ್ಕೆ ಹೋದೆ. ಬೈದರೆ ಬೈಸಿಕೊಳ್ಳಲು ತಯಾರಾಗಿ ಹೋಗಿದ್ದೆ. ಬೈಯಲಿ ಅಂತಲೇ ಆಸೆಯಿತ್ತು.

ಬಾಗಿಲು ತೆರೆದೇ ಇತ್ತು. ಹಜಾರದ ತುಂಬ ರಟ್ಟಿನ ಡಬ್ಬಗಳು, ಗೋಡೆಯ ಮೇಲೆ ಕ್ಯಾಲೆಂಡರ್ ಇದ್ದ ಜಾಗ ಬೆಳ್ಳಗೆ ಕಾಣುತ್ತಿತ್ತು. ಅವರು ಸೆರಗು ಸಿಕ್ಕಿಸಿಕೊಂಡು ಒಂದು ಡಬ್ಬಕ್ಕೆ ಟೇಪು ಹಚ್ಚುತ್ತಿದ್ದರು. ನನ್ನನ್ನು ನೋಡಿ ಗಾಬರಿಯಿಂದ ಎದ್ದು, ಇದ್ದ ಒಂದೇ ಕುರ್ಚಿಯ ಮೇಲಿನ ಬಟ್ಟೆ ತೆಗೆದು ಕೂರಿಸಿದರು. ಗಂಡ ಒಳಗೆ ಲಾರಿಯವರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು.

"ನಿಮ್ಮ ಹತ್ರ ಹೇಳ್ದೆ ಹೋಗ್ತಿದ್ದೆ, ಕ್ಷಮಿಸಿ ಸಾರ್," ಅಂದರು ಅವರೇ ಮೊದಲು. "ನಿಮ್ಮ ಹೆಸರು ಕೆಡಿಸಿದೆ. ನಿಮ್ಮ ಗೆಳೆಯರ ಮುಂದೆ ನಿಮಗೆ ಅವಮಾನ ಆಗಿರಬೇಕು."

ನನಗೆ ಕೂತಿರಲು ಆಗಲಿಲ್ಲ, ಎದ್ದು ನಿಂತೆ.

"ನೋಟ್ಸು ತಪ್ಪು," ಅಂದೆ. "ಮೊದಲಿಂದಲೂ ತಪ್ಪೇ. ನನಗೆ ಗೊತ್ತಿರಲಿಲ್ಲ. ಅವತ್ತು ನೀವು ಕರೆದಾಗ ನಾನು ಎದ್ದು ಬಂದು ನೋಡಲಿಲ್ಲ. ನೀವು ಓಡಿಸಿದ್ದು ಸರಿಯಾಗೇ ಇತ್ತು."

ಅವರು ಟೇಪು ಹಿಡಿದುಕೊಂಡೇ ನನ್ನನ್ನು ನೋಡಿದರು.

"ನಾನು ಓಡಿಸಿದ್ದು ಸರಿ ಇತ್ತಾ ಸಾರ್?"

"ಸರಿ ಇತ್ತು."

"ಕಾಮಾ?"

"ಕಾಮಾನೂ ಸರಿ ಇತ್ತು."

ಅವರ ಮುಖ ಅರಳಿತು. ಇದಕ್ಕೆ ಮಾತ್ರ ನಾನು ತಯಾರಾಗಿ ಬಂದಿರಲಿಲ್ಲ. ನೆಲದ ಮೇಲೆ ಬಿದ್ದಿದ್ದ ಹಳೆಯ ಪೇಪರಿನ ಅಂಚಿನಲ್ಲಿ, ಡಬ್ಬಗಳ ಮೇಲೆ ಊರಿನ ಹೆಸರು ಬರೆಯುತ್ತಿದ್ದ ಸ್ಕೆಚ್ ಪೆನ್ನಿನಿಂದ ಬೇಗಬೇಗ ಬರೆದು ನೋಡಿದರು. "ಅಂದ್ರೆ ನಾಲ್ಕು ಎಂಟಕ್ಕಿಂತ ಕಮ್ಮಿ. ಅದು ನಿಜ. ನಿಜ ಆದ್ರೆ ಬಿಟ್ಟು ಹೋಗುತ್ತೆ. ಅದಕ್ಕೇ ಫ್ಲಶ್ ಅಂತ ಬಂತು. ಹಾಗಾದ್ರೆ ಮೊದಲನೇದರಲ್ಲಿ ತಪ್ಪಾದ್ರೆ ಎರಡನೇದು ಓಡಬಾರದು ಅಂತಾನೇ ಹಾಗೆ ಮಾಡಿರೋದು ಅಲ್ವಾ ಸಾರ್? ಎಷ್ಟು ಸರಿಯಾಗಿದೆ!" ಇದು ಯಾಕೆ ಹೀಗೆ ಅಂತ ನನಗೆ ಯಾರೂ ಹೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ಅವರಿಗೆ ಅರ್ಧ ನಿಮಿಷ ಸಾಕಾಯಿತು.

ಒಳಗಿನಿಂದ ಗಂಡ, "ಲಾರಿ ಹನ್ನೆರಡಕ್ಕೆ ಬರುತ್ತಂತೆ, ಅಡಿಗೆ ಮನೆ ಆಯ್ತಾ?" ಅಂತ ಕೂಗಿದರು.

"ನಾನು ನಿಮ್ಮ ಯಜಮಾನರ ಹತ್ರ ಮಾತಾಡ್ತೀನಿ," ಅಂದೆ. "ತಪ್ಪು ನಿಮ್ಮದಲ್ಲ ಅಂತ ಹೇಳ್ತೀನಿ."

"ಬೇಡ ಸಾರ್. ಮಗಳ ಟೀಸಿ ತಗೊಂಡಾಯ್ತು. ಅಲ್ಲಿ ಸ್ಕೂಲಿಗೂ ಸೇರಿಸಿ ಆಯ್ತು." ಪೆನ್ನಿನ ಮುಚ್ಚಳ ಹಾಕಿದರು. ಅರಳಿದ್ದ ಮುಖ ಹೇಗೆ ಇಳಿಯಿತು ಅನ್ನುವುದನ್ನು ನಾನು ಎದುರಿಗೇ ನಿಂತು ನೋಡಿದೆ. "ಯಾಕೆ ಕೆಲಸ ಸಿಗಲಿಲ್ಲಮ್ಮಾ ಅಂತ ಅವಳು ದಿನಾ ಕೇಳೋಳು ಸಾರ್. ನಿಮ್ಮಮ್ಮ ದಡ್ಡಿ ಕಣೇ, ಅದಕ್ಕೇ ಅಂತ ಹೇಳ್ಬಿಟ್ಟೆ. ಅವಳು ನಂಬಿಬಿಟ್ಟಿದಾಳೆ."